‘ಗಿವ್ ಅಪ್’: ಬಿಟ್ಟದ್ದು ಏನನ್ನು, ಕೊಟ್ಟದ್ದು ಯಾರಿಗೆ?

ಸಾಗರದ ಒಂದು ಕನ್ನಡ ಮಾಧ್ಯಮದ ಹೈಸ್ಕೂಲು. ಹತ್ತನೆಯ ತರಗತಿಯ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಕೂತಿದ್ದಾನೆ ಎಂದಿಟ್ಟುಕೊಳ್ಳಿ. ವಿಷಯ ‘ನನ್ನ ಊರು’. ಹುಡುಗನ ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿಯ ಕಡೆ. ಸಾಗರದ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಾನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಹೊಳೆಯ ನೀರು ಊರೂರಿಗೆ ಏರಿ ಬಂದಾಗ ಅವನ ಅಜ್ಜ ಇನ್ನೂ ಚಡ್ಡಿ ಹಾಕಿಕೊಂಡು ಓಡಾಡುವ ಹುಡುಗ. ಮನೆ, ಗದ್ದೆ, ಅಡಿಕೆ ತೋಟ, ದೇವರ ಗುಡಿ ಎಲ್ಲ ನೀರಿನಡಿಗೆ ಹೋದ ಕಥೆಯನ್ನು ಮೊಮ್ಮಗ ಅಜ್ಜನ ಬಾಯಿಂದ ನೂರು ಸಲ ಕೇಳಿದ್ದಾನೆ. ಹೇಳಬೇಕಾದ ಮಾತು ಮನಸ್ಸಿನಲ್ಲಿ ಸ್ಪಷ್ಟವಾಗಿಯೇ ಇದೆ: ‘ನಮ್ಮ ಜನ ಅಣೆಕಟ್ಟಿಗಾಗಿ ತಮ್ಮ ಜಮೀನು ಬಿಟ್ಟುಕೊಟ್ಟರು.’

ಕೊಡುವುದಕ್ಕೆ ‘ಗಿವ್’ ಎನ್ನುತ್ತಾರೆಂದು ಅವನಿಗೆ ಗೊತ್ತು. ಕೈಬಿಟ್ಟು ದೂರ ಹೋದದ್ದಕ್ಕೆ ‘ಅವೇ’ ಸೇರಿಸಿದರಾಯಿತು ಎಂದುಕೊಂಡು ‘ಅವರ್ ಪೀಪಲ್ ಗೇವ್ ಅವೇ ದೇರ್ ಲ್ಯಾಂಡ್ ಫಾರ್ ದ ಡ್ಯಾಮ್’ ಎಂದು ಬರೆದ. ಮೇಷ್ಟ್ರು ‘ಅವೇ’ಯನ್ನು ಕೆಂಪು ಶಾಯಿಯಲ್ಲಿ ಹೊಡೆದು ಮೇಲೆ ‘ಅಪ್’ ಎಂದು ಬರೆದರು. ಹುಡುಗನಿಗೆ ಸಮಾಧಾನವಾಗಲಿಲ್ಲ. ‘ಅಪ್’ ಎಂದರೆ ಮೇಲೆ. ಜಮೀನು ಹೋದದ್ದು ಕೆಳಗೆ, ಅರವತ್ತು ಅಡಿ ನೀರಿನ ಕೆಳಗೆ. ಇದೆಂಥ ಭಾಷೆ?

ಶನಿವಾರ ಮನೆಗೆ ಹೋದಾಗ ಅಜ್ಜನಿಗೆ ಇದನ್ನು ಹೇಳಿದ. ಅಜ್ಜನಿಗೆ ಇಂಗ್ಲಿಷ್ ಬಾರದು. ಆದರೂ ಎರಡು ಮಾತಿಗೂ ಕನ್ನಡದಲ್ಲಿ ಏನೆಂದು ಕೇಳಿದರು. ‘ಅವೇ’ ಹಾಕಿದರೆ ದಾನ ಕೊಟ್ಟ ಹಾಗೆ ಆಗುತ್ತದಂತೆ, ‘ಅಪ್’ ಹಾಕಿದರೆ ಬಿಟ್ಟುಕೊಟ್ಟ ಹಾಗಂತೆ ಎಂದ ಮೊಮ್ಮಗ. ಅಜ್ಜ ಎಲೆ ಅಡಿಕೆಯ ತಟ್ಟೆ ಸರಿಸಿ ಹೇಳಿದರು: ‘ನಿಮ್ಮ ಮೇಷ್ಟ್ರು ಸರಿಯಾಗೇ ತಿದ್ದಿದಾರೆ ಅಪ್ಪೀ. ನಾವು ಯಾರಿಗೂ ದಾನ ಕೊಟ್ಟಿದ್ದಲ್ಲ. ಬಿಟ್ಟುಕೊಟ್ಟಿದ್ದು.’

ಇಡೀ ಪಾಠ ಆ ಅಜ್ಜನ ಮಾತಿನಲ್ಲೇ ಇದೆ. ಹಾಗಿದ್ದರೂ ಪರೀಕ್ಷೆಗೆ ಅಷ್ಟೇ ಸಾಲದಾದ್ದರಿಂದ ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

‘ಗಿವ್ ಅಪ್’, ‘ಗಿವ್ ಅವೇ’, ‘ಗಿವ್ ಇನ್’ ಇವೆಲ್ಲ ಇಂಗ್ಲಿಷಿನವರು ‘ಫ್ರೇಸಲ್ ವರ್ಬ್’ ಎಂದು ಕರೆಯುವ ಜಾತಿಗೆ ಸೇರಿದವು. ಒಂದು ಸಾಧಾರಣ ಕ್ರಿಯಾಪದ, ಅದರ ಹಿಂದೆ ಒಂದು ಪುಟ್ಟ ಬಾಲ. ಬಾಲ ಬದಲಾದರೆ ಪ್ರಾಣಿಯೇ ಬದಲು. ಈ ಬಾಲಗಳಿಂದ ಕಷ್ಟಪಟ್ಟವರು ಮಲೆನಾಡಿನ ಮಕ್ಕಳು ಮಾತ್ರ ಅಲ್ಲ. 1755ರಲ್ಲಿ ತನ್ನ ದೊಡ್ಡ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ, ಪರದೇಶದವರಿಗೆ ಇಂಗ್ಲಿಷಿನಲ್ಲಿ ಬಹಳ ತೊಂದರೆ ಕೊಡುವುದು ಇಂಥ ಜೋಡಿಗಳೇ ಎಂದು ಒಪ್ಪಿಕೊಂಡಿದ್ದ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪುಸ್ತಕದಲ್ಲಿ ಬಳಕೆಗೆ ಬಂದದ್ದು ಇನ್ನೂ ತಡವಾಗಿ, 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕನಿಂದ. ಅಂದರೆ ಇಂಗ್ಲಿಷಿನವರು ಈ ಪದಗಳನ್ನು ನೂರಾರು ವರ್ಷ ಬಳಸಿದ ಮೇಲೆ ಅವಕ್ಕೆ ನಾಮಕರಣ ಮಾಡಿದರು. ಹೆಸರು ತಿಳಿಯದಿದ್ದರೂ ಬಳಸಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಕನ್ನಡದ ಮಕ್ಕಳಿಗೆ ಇದು ತೀರ ಹೊಸ ಉಪಾಯವೂ ಅಲ್ಲ. ಕನ್ನಡ ಕೂಡ ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದನ್ನು ಕಟ್ಟಿ ಅರ್ಥ ತಿರುಗಿಸುತ್ತದೆ. ‘ನೋಡು’ ಬೇರೆ, ‘ನೋಡಿಕೋ’ ಬೇರೆ. ‘ಮಗುವನ್ನು ನೋಡು’ ಎಂದರೆ ಕಣ್ಣಿನ ಕೆಲಸ. ‘ಮಗುವನ್ನು ನೋಡಿಕೋ’ ಎಂದರೆ ಇಡೀ ಮಧ್ಯಾಹ್ನದ ಕೆಲಸ. ‘ತಿಂದ’ ಎನ್ನುವುದಕ್ಕೂ ‘ತಿಂದುಬಿಟ್ಟ’ ಎನ್ನುವುದಕ್ಕೂ ಎಷ್ಟು ಅಂತರ ಎಂಬುದನ್ನು ಮನೆಯಲ್ಲಿ ಹೋಳಿಗೆ ಮಾಡಿಟ್ಟ ಯಾವ ತಾಯಿಯೂ ಹೇಳಬಲ್ಲಳು. ‘ತಿಂದುಬಿಟ್ಟ’ ಎಂದರೆ ಡಬ್ಬಿ ಖಾಲಿ.

ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಇಂಗ್ಲಿಷಿನ ‘ಅಪ್’ ಇಂಥ ಕಡೆ ಮೇಲಕ್ಕೆ ಕೈ ತೋರಿಸುವುದಿಲ್ಲ. ಕನ್ನಡದ ‘ಬಿಡು’ ಮಾಡುವ ಕೆಲಸವನ್ನೇ ಮಾಡುತ್ತದೆ. ಆಯಿತು, ಮುಗಿಯಿತು, ಇನ್ನು ಉಳಿದಿಲ್ಲ ಎನ್ನುತ್ತದೆ. ‘ಈಟ್ ಅಪ್’ ಎಂದರೆ ತಿಂದುಬಿಡು. ‘ಡ್ರಿಂಕ್ ಅಪ್’ ಎಂದರೆ ಕುಡಿದುಬಿಡು. ‘ಯೂಸ್ ಅಪ್’ ಎಂದರೆ ಪೂರ್ತಿ ಬಳಸಿಬಿಡು. ಈ ಲೆಕ್ಕದಲ್ಲಿ ‘ಗಿವ್ ಅಪ್’ ಎಂಬುದನ್ನು ಪದಕ್ಕೆ ಪದ ಇಟ್ಟರೆ ‘ಕೊಟ್ಟುಬಿಡು’ ಎಂದಾಯಿತು. ಕನ್ನಡ ಅದೇ ಎರಡು ಪದಗಳನ್ನು ತಿರುವುಮುರುವು ಮಾಡಿ ‘ಬಿಟ್ಟುಕೊಡು’ ಎನ್ನುತ್ತದೆ. ಸಾಮಾನು ಒಂದೇ, ಜೋಡಿಸಿದ ಕ್ರಮ ಬೇರೆ.

ಹಾಗಾದರೆ ‘ಗಿವ್ ಅಪ್’ ಕಂಡಲ್ಲೆಲ್ಲ ‘ಬಿಟ್ಟುಕೊಡು’ ಎಂದು ಬರೆದರೆ ಆಯಿತೆ? ಆಗುವುದಿಲ್ಲ. ಮಕ್ಕಳು ಎಡವುವುದೇ ಇಲ್ಲಿ. ಇಂಗ್ಲಿಷ್ ಒಂದೇ ಜೋಡಿಯಿಂದ ಸಾಗಿಸುವ ಕೆಲಸಕ್ಕೆ ಕನ್ನಡ ನಾಲ್ಕು ಪದ ಇಟ್ಟುಕೊಂಡಿದೆ. ಅಪ್ಪ ಬೀಡಿ ಬಿಟ್ಟರೆ ಅದು ‘ಬಿಟ್ಟುಬಿಡು’. ಶಿವಮೊಗ್ಗದ ಬಸ್ಸಿನಲ್ಲಿ ವಯಸ್ಸಾದ ಅಮ್ಮನಿಗೆ ಸೀಟು ಕೊಟ್ಟು ತಾನು ಕಂಬಿ ಹಿಡಿದು ನಿಂತರೆ ಅದು ‘ಬಿಟ್ಟುಕೊಡು’. ಲೆಕ್ಕ ಬಿಡಿಸಿ ಬಿಡಿಸಿ ಸಾಕಾಗಿ ಪೆನ್ಸಿಲು ಕೆಳಗಿಟ್ಟರೆ ಅದು ‘ಕೈಚೆಲ್ಲು’. ಈ ಹುಡುಗ ಉದ್ಧಾರವಾಗುವುದಿಲ್ಲ ಎಂದು ಮನೆಯವರೇ ತೀರ್ಮಾನಿಸಿದರೆ ಅದು ‘ಕೈಬಿಡು’. ಇಂಗ್ಲಿಷಿನಲ್ಲಿ ನಾಲ್ಕಕ್ಕೂ ‘ಗಿವ್ ಅಪ್’ ಸಲ್ಲುತ್ತದೆ. ವ್ಯತ್ಯಾಸ ಗೊತ್ತಾಗುವುದು ಅದರ ಅಕ್ಕಪಕ್ಕ ಏನಿದೆ ಎಂಬುದರಿಂದ.

ಚಟದ ಹೆಸರೋ ಕೆಲಸದ ಹೆಸರೋ ಪಕ್ಕದಲ್ಲಿದ್ದರೆ ಬಿಟ್ಟುಬಿಟ್ಟ ಎಂದು ತಿಳಿಯಬೇಕು: ‘ಹಿ ಗೇವ್ ಅಪ್ ಬೀಡೀಸ್.’ ಕೈಯಲ್ಲಿದ್ದ ವಸ್ತು, ಜಾಗ, ಹಕ್ಕು ಇದ್ದರೆ ಬಿಟ್ಟುಕೊಟ್ಟ: ‘ಶಿ ಗೇವ್ ಅಪ್ ಹರ್ ಸೀಟ್.’ ಪಕ್ಕದಲ್ಲಿ ಏನೂ ಇಲ್ಲದೆ ವಾಕ್ಯ ಅಲ್ಲಿಗೇ ನಿಂತರೆ ಕೈಚೆಲ್ಲಿದ, ಸೋತೆನೆಂದ: ‘ಹಿ ಗೇವ್ ಅಪ್.’ ಒಗಟು ಕೇಳಿದಾಗ ಉತ್ತರ ಹೊಳೆಯದೆ ‘ಸೋತೆ, ನೀನೇ ಹೇಳು’ ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ‘ಐ ಗಿವ್ ಅಪ್’ ಎಂದೇ ಹೇಳುತ್ತಾರೆ. ಇನ್ನು ‘ಅಪ್’ ಆದಮೇಲೆ ‘ಆನ್’ ಎಂಬ ಎರಡನೆಯ ಬಾಲ ಬಂದು ಅದರ ಮುಂದೆ ಒಬ್ಬ ಮನುಷ್ಯನಿದ್ದರೆ, ಅವನ ಮೇಲಿನ ಭರವಸೆಯನ್ನೇ ಕೈಬಿಟ್ಟರು ಎಂದರ್ಥ: ‘ದೇ ಗೇವ್ ಅಪ್ ಆನ್ ದ ಬಾಯ್.’ ಈ ‘ಆನ್’ ಚಿಕ್ಕದಾಗಿ ಕಂಡರೂ ಅದನ್ನು ನುಂಗಿಬಿಟ್ಟರೆ ಅನಾಹುತ. ‘ದೇ ಗೇವ್ ದ ಬಾಯ್ ಅಪ್’ ಎಂದರೆ ಹುಡುಗನನ್ನು ಯಾರಿಗೋ ಒಪ್ಪಿಸಿಬಿಟ್ಟರು ಎಂದಾಗುತ್ತದೆ. ಪೊಲೀಸರಿಗೆ ಹಿಡಿದುಕೊಟ್ಟ ಹಾಗೆಯೂ ಕೇಳಿಸೀತು.

ಹಾಗಾಗಿ ‘ಗಿವ್ ಅಪ್’ ಕಂಡ ಕೂಡಲೆ ಕೇಳಬೇಕಾದ ಪ್ರಶ್ನೆ: ಬಿಟ್ಟದ್ದು ಏನನ್ನು? ಉತ್ತರ ಪಕ್ಕದಲ್ಲೇ ಇರುತ್ತದೆ, ಇಲ್ಲವೇ ಬೇಕೆಂದೇ ಇರುವುದಿಲ್ಲ.

ಏನನ್ನು ಬಿಟ್ಟದ್ದು ಎಂಬ ಪ್ರಶ್ನೆ ಎಷ್ಟು ಮುಖ್ಯ ಎನ್ನುವುದಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಿಂದ ಒಳ್ಳೆಯ ಉದಾಹರಣೆ ಸಿಗುತ್ತದೆ. ಕುವೆಂಪು ಮೈಸೂರಿನಲ್ಲಿ ಓದುವಾಗ ಮೊದಲು ಕವಿತೆ ಕಟ್ಟಿದ್ದು ಇಂಗ್ಲಿಷಿನಲ್ಲಿ. ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಪುಸ್ತಿಕೆ 1922ರಲ್ಲಿ ಅಚ್ಚಾಯಿತು. ಆಗ ಅವರಿಗೆ ಇನ್ನೂ ಹದಿನೆಂಟರ ಸುಮಾರು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಕವಿ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸಲು ಹೋದರು. ಕಸಿನ್ಸ್ ಓದಿ, ನಿಮ್ಮ ಭಾಷೆಯಲ್ಲಿ ಬರೆಯಬಾರದೆ ಎಂಬ ಅರ್ಥದ ಸಲಹೆ ಕೊಟ್ಟರು. ಮುಂದಿನದು ಎಲ್ಲರಿಗೂ ಗೊತ್ತಿರುವ ಸಂಗತಿ.

ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕೆಂದರೆ ಎರಡು ವಾಕ್ಯ ಮನಸ್ಸಿಗೆ ಬರುತ್ತವೆ. ಒಂದು: ‘ಕುವೆಂಪು ಗೇವ್ ಅಪ್ ಇಂಗ್ಲಿಷ್.’ ಇನ್ನೊಂದು: ‘ಕುವೆಂಪು ಗೇವ್ ಅಪ್ ರೈಟಿಂಗ್ ಪೊಯಮ್ಸ್ ಇನ್ ಇಂಗ್ಲಿಷ್.’ ವ್ಯಾಕರಣದಲ್ಲಿ ಎರಡೂ ಸರಿ. ಚರಿತ್ರೆಯಲ್ಲಿ ಮೊದಲನೆಯದು ಸುಳ್ಳು. ಅವರು ಇಂಗ್ಲಿಷಿನಲ್ಲಿ ಕವಿತೆ ಬರೆಯುವುದನ್ನು ಬಿಟ್ಟರೇ ಹೊರತು ಇಂಗ್ಲಿಷನ್ನು ಬಿಡಲಿಲ್ಲ. ಮಿಲ್ಟನ್, ವರ್ಡ್ಸ್‌ವರ್ತ್, ಶೇಕ್ಸ್‌ಪಿಯರ್ ಅವರ ಓದಿನಲ್ಲಿ ಕೊನೆಯವರೆಗೂ ಇದ್ದರು. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಅವರ ಕೈಯಲ್ಲಿ ‘ರಕ್ತಾಕ್ಷಿ’ ಆಯಿತು. ಅದೇ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಬದುಕಿನುದ್ದಕ್ಕೂ ಇಂಗ್ಲಿಷ್ ಪಾಠ ಹೇಳಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಾಗಲೇ ‘ಸಂಸ್ಕಾರ’ವನ್ನು ಕನ್ನಡದಲ್ಲಿ ಬರೆದರು. ಇಂಗ್ಲಿಷ್ ಕಲಿಯಬೇಕಾದರೆ ಕನ್ನಡವನ್ನು ‘ಗಿವ್ ಅಪ್’ ಮಾಡಬೇಕೆಂದು ನಂಬಿ ಮಕ್ಕಳ ಶಾಲೆ ಬದಲಿಸುವ ತಂದೆತಾಯಿಗಳು ಈ ಇಬ್ಬರನ್ನೂ ಒಮ್ಮೆ ನೆನೆಯಬೇಕು. ಇದು ವ್ಯಾಕರಣದ ಮಾತಲ್ಲ, ಬಿಡಿ, ಆದರೂ ಹೇಳಬೇಕಾದದ್ದೇ.

ವ್ಯಾಕರಣಕ್ಕೆ ಮರಳಿದರೆ, ಎರಡನೆಯ ವಾಕ್ಯದಲ್ಲಿ ‘ರೈಟಿಂಗ್’ ಎಂದಿರುವುದನ್ನು ಗಮನಿಸಿ. ‘ಟು ರೈಟ್’ ಎಂದಿಲ್ಲ. ಮಾಡುತ್ತಿದ್ದ ಕೆಲಸವೊಂದನ್ನು ಬಿಟ್ಟರು ಎನ್ನುವಾಗ ‘ಗಿವ್ ಅಪ್’ ಆದಮೇಲೆ ಕ್ರಿಯಾಪದ ‘ಇಂಗ್’ ಹಚ್ಚಿಕೊಂಡೇ ಬರಬೇಕು. ‘ಗೇವ್ ಅಪ್ ಟು ಸ್ಮೋಕ್’ ತಪ್ಪು, ‘ಗೇವ್ ಅಪ್ ಸ್ಮೋಕಿಂಗ್’ ಸರಿ. ಇದನ್ನು ಉರು ಹೊಡೆಯಬೇಕಿಲ್ಲ. ಕನ್ನಡವೇ ಇಲ್ಲಿ ಮೇಷ್ಟ್ರಾಗುತ್ತದೆ. ‘ಬೀಡಿ ಸೇದುವುದನ್ನು ಬಿಟ್ಟ’ ಎನ್ನುತ್ತೇವೆಯೇ ಹೊರತು ‘ಬೀಡಿ ಸೇದಲು ಬಿಟ್ಟ’ ಎನ್ನುವುದಿಲ್ಲ. ಹಾಗೆಂದರೆ ಬೇರೆ ಯಾರಿಗೋ ಸೇದುವುದಕ್ಕೆ ಅವಕಾಶ ಕೊಟ್ಟ ಎಂದಾಗಿ, ಅಪ್ಪನ ಕೀರ್ತಿಗೆ ಬದಲು ಅಪಕೀರ್ತಿ ಬರುತ್ತದೆ. ‘ವುದನ್ನು’ ಇದ್ದ ಕಡೆ ‘ಇಂಗ್’ ಎಂದು ಇಟ್ಟುಕೊಂಡರೆ, ‘ಗಿವ್ ಅಪ್’ ಮಟ್ಟಿಗಂತೂ, ಮೋಸವಿಲ್ಲ.

ಇನ್ನೊಂದು ಎಡವಟ್ಟು ‘ಇಟ್’ ಎಂಬ ಪದದ್ದು. ‘ಅದನ್ನು ಬಿಟ್ಟುಬಿಡು’ ಎನ್ನಲು ‘ಗಿವ್ ಅಪ್ ಇಟ್’ ಎಂದು ಬರೆಯುವ ಮಕ್ಕಳು ಸಾಗರದಲ್ಲೂ ಇದ್ದಾರೆ, ಸೊರಬದಲ್ಲೂ ಇದ್ದಾರೆ. ಬರೆಯಬೇಕಾದದ್ದು ‘ಗಿವ್ ಇಟ್ ಅಪ್’. ಇಬ್ಬರು ಕೂರುವ ಬಸ್ ಸೀಟನ್ನು ನೆನೆಯಿರಿ. ಪುಟ್ಟ ಮಗುವಾದರೆ ಇಬ್ಬರ ನಡುವೆ ತೂರಿಸಿ ಕೂರಿಸಬಹುದು. ದೊಡ್ಡವರು ಬಂದರೆ ಆಚೆಗೇ ಕೂರಬೇಕು. ‘ಇಟ್’, ‘ದೆಮ್’ ಮುಂತಾದ ಸರ್ವನಾಮಗಳು ಪುಟ್ಟ ಮಕ್ಕಳು, ನಡುವೆಯೇ ಕೂರುತ್ತವೆ. ‘ದ ಜಾಬ್’ ಎಂಬ ಸಾಧಾರಣ ಗಾತ್ರದ ಪದ ನಡುವೆಯೂ ಕೂರಬಹುದು, ಆಚೆಗೂ ಕೂರಬಹುದು. ‘ಶಿವಮೊಗ್ಗದಲ್ಲಿ ಸಿಕ್ಕಿದ್ದ ಕೆಲಸ’ ಎಂಬಂಥ ಉದ್ದನೆಯ ಆಸಾಮಿ ಬಂದರೆ ಆಚೆಗೆ ಕೂರುವುದೇ ಎಲ್ಲರಿಗೂ ಕ್ಷೇಮ. ಕನ್ನಡದಲ್ಲೂ ‘ಬಿಟ್ಟುಬಿಟ್ಟ’ ಎಂಬುದರ ನಡುವೆ ಪುಟ್ಟದೊಂದು ‘ಏ’ ತೂರಿ ‘ಬಿಟ್ಟೇ ಬಿಟ್ಟ’ ಆಗುತ್ತದಲ್ಲ, ಅದೇ ರೀತಿ.

ಈಗ ‘ಗಿವ್ ಇನ್’. ಇದನ್ನೂ ‘ಗಿವ್ ಅಪ್’ಅನ್ನೂ ಒಂದೇ ಎಂದು ಗೈಡುಗಳಲ್ಲಿ ‘ಸೋಲೊಪ್ಪು’ ಎಂದು ಬರೆದು ಮುಗಿಸುತ್ತಾರೆ. ಒಂದೇ ಅಲ್ಲ. ‘ಗಿವ್ ಅಪ್’ ಮಾಡುವವನು ಒಬ್ಬನೇ ಇರಬಹುದು, ಎದುರಿಗೆ ಲೆಕ್ಕವೋ ಬೆಟ್ಟವೋ ಇದ್ದರೆ ಸಾಕು. ‘ಗಿವ್ ಇನ್’ ಆಗಬೇಕಾದರೆ ಎದುರಿಗೆ ಒತ್ತಾಯ ಮಾಡುವವರು ಬೇಕು. ಕನ್ನಡದ ‘ಮಣಿ’ ಇದಕ್ಕೆ ಸರಿಹೊಂದುತ್ತದೆ. ಮಗು ಹಟ ಹಿಡಿದು ಅತ್ತು ಅತ್ತು ಕಡೆಗೆ ತಾನೇ ಸುಸ್ತಾಗಿ ಸುಮ್ಮನಾದರೆ ‘ದ ಚೈಲ್ಡ್ ಗೇವ್ ಅಪ್’. ಅಳು ತಡೆಯಲಾರದೆ ಅಮ್ಮ ಚಾಕೊಲೇಟು ಕೊಡಿಸಿದರೆ ‘ದ ಮದರ್ ಗೇವ್ ಇನ್’.

ಸಾಗರ ತಾಲ್ಲೂಕಿನ ಕಾಗೋಡನ್ನು ತೆಗೆದುಕೊಂಡರೆ ಇದು ಇನ್ನೂ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. 1951ರಲ್ಲಿ ಅಲ್ಲಿನ ಗೇಣಿದಾರರು, ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯಿಂದ ಹೊತ್ತಿಕೊಂಡ ಜಗಳದಲ್ಲಿ ಭೂಮಾಲೀಕರ ವಿರುದ್ಧ ಸತ್ಯಾಗ್ರಹಕ್ಕಿಳಿದರು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದರು. ತೀರ್ಥಹಳ್ಳಿ ಸೀಮೆಯ ಆರಗದವರಾದ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಉಳುವ ನೆಲಕ್ಕೆ ಇಳಿಯಬಾರದೆಂಬ ಒತ್ತಡ, ಬಂಧನ, ಜೈಲು ಎಲ್ಲ ಇತ್ತು. ಆದರೂ ಮಣಿಯಲಿಲ್ಲ ಎನ್ನುವುದಕ್ಕೆ ‘ದ ಟೆನೆಂಟ್ಸ್ ಡಿಡ್ ನಾಟ್ ಗಿವ್ ಇನ್’ ಎನ್ನಬೇಕು. ಇಲ್ಲಿ ‘ಗಿವ್ ಅಪ್’ ಹಾಕಿದರೂ ತಪ್ಪಾಗದು, ಅರ್ಥ ಮಾತ್ರ ತುಸು ಸರಿಯುತ್ತದೆ: ಹೋರಾಟವನ್ನು ಕೈಚೆಲ್ಲಲಿಲ್ಲ ಎಂದಾಗುತ್ತದೆ. ಒಂದರಲ್ಲಿ ಎದುರಾಳಿ ಕಾಣುತ್ತಾನೆ, ಇನ್ನೊಂದರಲ್ಲಿ ತಮ್ಮದೇ ದಣಿವು ಕಾಣುತ್ತದೆ. ಮುಂದೆ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದೊಡೆಯ ಎಂದಾದಾಗ ಜಮೀನು ಬಿಟ್ಟುಕೊಡಬೇಕಾದ ಸರದಿ ಭೂಮಾಲೀಕರದಾಯಿತು: ‘ದ ಲ್ಯಾಂಡ್‌ಲಾರ್ಡ್ಸ್ ಹ್ಯಾಡ್ ಟು ಗಿವ್ ಅಪ್ ದ ಲ್ಯಾಂಡ್.’ ಇಲ್ಲೂ ‘ಅವೇ’ ಬರುವುದಿಲ್ಲ. ಯಾರೂ ದಾನ ಮಾಡಲಿಲ್ಲ.

ಸತ್ಯಾಗ್ರಹಿಗಳು ಬಂಧನಕ್ಕೆ ಒಳಗಾದರು ಎನ್ನಲು ‘ಗೇವ್ ದೆಮ್‌ಸೆಲ್ವ್ಸ್ ಅಪ್’ ಎಂದು ಬರೆಯುವುದೂ ಸಲ್ಲ. ಅದು ತಪ್ಪು ಮಾಡಿ ತಲೆಮರೆಸಿಕೊಂಡಿದ್ದವನು ಠಾಣೆಗೆ ಬಂದು ಶರಣಾದ ರೀತಿ. ಸತ್ಯಾಗ್ರಹಿಗೆ ‘ಕೋರ್ಟೆಡ್ ಅರೆಸ್ಟ್’ ಎಂಬ ಬೇರೆಯೇ ಮಾತು ಇಂಗ್ಲಿಷ್ ಪತ್ರಿಕೆಗಳಲ್ಲಿ ನಡೆಯುತ್ತದೆ.

‘ಗಿವ್ ಅವೇ’ ಎಲ್ಲಿ ಬಳಸಬೇಕು ಹಾಗಾದರೆ? ಶಾಲೆಯ ವಾರ್ಷಿಕೋತ್ಸವದಲ್ಲಿ. ಮುಖ್ಯ ಅತಿಥಿಗಳು ಬಹುಮಾನ ವಿತರಿಸಿದರು ಎನ್ನಲು ‘ಗೇವ್ ಅವೇ ದ ಪ್ರೈಜಸ್’ ಎನ್ನುತ್ತಾರೆ. ಸ್ಟೀಲಿನ ತಟ್ಟೆ, ಲೋಟ ಕೊಡುವುದಕ್ಕೆ ಅದು ತಕ್ಕ ಮಾತು. ಇನ್ನೊಂದು ಮೋಜಿದೆ. ‘ಗುಟ್ಟು ಬಿಟ್ಟುಕೊಟ್ಟ’ ಎಂದು ಕನ್ನಡದಲ್ಲಿ ಹೇಳುವಾಗ ಇಂಗ್ಲಿಷಿಗೆ ಬೇಕಾದದ್ದು ‘ಅಪ್’ ಅಲ್ಲ, ‘ಅವೇ’: ‘ಹಿ ಗೇವ್ ಅವೇ ದ ಸೀಕ್ರೆಟ್.’ ಗುಟ್ಟನ್ನು ಸುಮ್ಮಸುಮ್ಮನೆ, ಕಾಸಿಲ್ಲದೆ ಹಂಚಿದನಲ್ಲ, ಅದಕ್ಕೇ ಇರಬೇಕು.

‘ಬಿಡು’ ಎಂಬ ಪದವನ್ನು ನಂಬಿಕೊಂಡು ಎಲ್ಲ ಕಡೆ ‘ಗಿವ್ ಅಪ್’ ತುರುಕುವವರಿಗೆ ಹೊಸನಗರದ ಮಳೆಗಾಲ ಚೆನ್ನಾಗಿ ಪಾಠ ಕಲಿಸುತ್ತದೆ. ಆಷಾಢದಲ್ಲಿ ಹಿಡಿದ ಮಳೆ ಬಿಡುವುದೇ ಇಲ್ಲ. ಬಿಟ್ಟಾಗ ‘ದ ರೇನ್ ಗೇವ್ ಅಪ್’ ಎಂದರೆ ಮಳೆ ನಿರಾಶೆಗೊಂಡು ಮನೆಗೆ ಹೋದ ಹಾಗಾಗುತ್ತದೆ. ‘ಸ್ಟಾಪ್ಡ್’ ಎನ್ನಬೇಕು, ತುಸು ಕಡಿಮೆಯಾದರೆ ‘ಲೆಟ್ ಅಪ್’ ಎನ್ನಬೇಕು. ಮಾಣಿ ಅಣೆಕಟ್ಟಿನಿಂದ ನೀರು ಬಿಟ್ಟರು ಎನ್ನಲು ‘ರಿಲೀಸ್ಡ್’ ಅಥವಾ ‘ಲೆಟ್ ಔಟ್’. ಬಸ್ಸು ಬಿಟ್ಟಿತು ಎನ್ನಲು ‘ಲೆಫ್ಟ್’. ಗಿಡ ಹೂ ಬಿಟ್ಟಿತು ಎನ್ನಲು ‘ಫ್ಲವರ್ಡ್’. ‘ಶಾಲೆ ಬಿಟ್ಟಿತು’ ಎಂದರೆ ಸಂಜೆಯ ಗಂಟೆ ಹೊಡೆಯಿತು, ಮಕ್ಕಳಿಗೆ ಖುಷಿ. ‘ಶಾಲೆ ಬಿಟ್ಟ’ ಎಂದರೆ ಒಂದು ಮನೆಯಲ್ಲಿ ಯಾರೋ ಓದು ನಿಲ್ಲಿಸಿದರು. ಒಂದೇ ಒಂದು ಪ್ರತ್ಯಯದ ಅಂತರ, ಆದರೆ ಇವೆರಡರಲ್ಲಿ ‘ಗಿವ್ ಅಪ್’ ಒಗ್ಗುವುದು ಎರಡನೆಯದಕ್ಕೆ ಮಾತ್ರ: ‘ಹಿ ಗೇವ್ ಅಪ್ ಸ್ಕೂಲ್.’

ಯಾಕೆ? ಹಿಡಿದುಕೊಳ್ಳಬಲ್ಲವನು ಹಿಡಿತ ಸಡಿಲಿಸಿದಾಗ ಮಾತ್ರ ‘ಗಿವ್ ಅಪ್’. ಬಸ್ಸಿಗೆ, ಮಳೆಗೆ, ಗಿಡಕ್ಕೆ ಹಿಡಿದುಕೊಳ್ಳುವ ಮನಸ್ಸಿಲ್ಲ. ಮನುಷ್ಯನಿಗಿದೆ. ಹಾಗೆಂದು ಮನುಷ್ಯ ಬಿಟ್ಟದ್ದೆಲ್ಲ ‘ಗಿವ್ ಅಪ್’ ಅಲ್ಲ. ಮಗಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ ಅಪ್ಪ ಏನನ್ನೂ ‘ಗಿವ್ ಅಪ್’ ಮಾಡಿಲ್ಲ. ‘ಡ್ರಾಪ್ಡ್ ಹರ್’ ಅಷ್ಟೆ.

ಯಂತ್ರಗಳಿಗೆ ಮಾತ್ರ ಒಂದು ವಿನಾಯಿತಿ ಉಂಟು. ಹುಲಿಕಲ್ ಘಾಟಿ ಹತ್ತುವಾಗ ಹಳೆಯ ಜೀಪು ಕೆಮ್ಮಿ ಕೆಮ್ಮಿ ನಿಂತೇಹೋದರೆ, ಇಂಗ್ಲಿಷಿನವರು ನಗೆಯಾಡುತ್ತ ‘ಗೇವ್ ಅಪ್ ದ ಗೋಸ್ಟ್’ ಎನ್ನುತ್ತಾರೆ. ಇಲ್ಲಿ ‘ಗೋಸ್ಟ್’ ಎಂದರೆ ದೆವ್ವವಲ್ಲ, ಪ್ರಾಣ. 1611ರ ಇಂಗ್ಲಿಷ್ ಬೈಬಲಿನಲ್ಲಿ ಸಾವಿನ ಗಂಭೀರ ಸಂದರ್ಭಗಳಲ್ಲಿ ಬಂದ ಮಾತು ಇದು. ಈಗ ಮಿಕ್ಸಿ, ಮೋಟಾರುಗಳ ಪಾಲಿಗೆ ಉಳಿದಿದೆ. ಕನ್ನಡದಲ್ಲೂ ‘ಪ್ರಾಣ ಬಿಟ್ಟಿತು’ ಎಂದೇ ಅಲ್ಲವೆ? ದೂರದ ಎರಡು ಭಾಷೆಗಳು ಒಂದೇ ಕಡೆ ಬಂದು ನಿಂತಿವೆ. ಸಾವಿನ ಮನೆಯ ಬಗ್ಗೆ ಬರೆಯುವಾಗ ಮಾತ್ರ ಇದನ್ನು ಬಳಸಬೇಡಿ, ತಮಾಷೆ ಮಾಡಿದ ಹಾಗಾಗುತ್ತದೆ.

ತಂದೆತಾಯಿಗಳಿಗೆ ಒಂದು ಮಾತು. ಇಂಗ್ಲಿಷ್ ಬಾರದ ಮನೆಯಲ್ಲಿ ಮಗುವಿಗೆ ಇಂಗ್ಲಿಷ್ ಹೇಗೆ ಹೇಳಿಕೊಡುವುದು ಎಂದು ಟ್ಯೂಷನ್ನಿನ ಕಡೆ ಕೈತೋರಿಸಿ ಕೂರುವವರೇ ಹೆಚ್ಚು. ಆದರೆ ಈ ಜಾತಿಯ ಪದಗಳಿಗೆ ಬೇಕಾದದ್ದು ಒಳ್ಳೆಯ ಕನ್ನಡ, ಅದು ಅಡಿಗೆಮನೆಯಲ್ಲೂ ಅಡಿಕೆ ಚಪ್ಪರದ ಕೆಳಗೂ ಧಾರಾಳವಾಗಿದೆ. ಮಗು ಒಂದು ವಾಕ್ಯ ಓದಿದಾಗ ‘ಅವನು ಬಿಟ್ಟುಬಿಟ್ಟನೋ, ಬಿಟ್ಟುಕೊಟ್ಟನೋ, ಕೈಚೆಲ್ಲಿದನೋ, ಮಣಿದನೋ?’ ಎಂದು ಕೇಳಿದರೆ ಸಾಕು. ಮಗು ಯೋಚಿಸಿ ಉತ್ತರ ಹೇಳುತ್ತದೆ, ಹೇಳುವಾಗಲೇ ಇಂಗ್ಲಿಷ್ ವಾಕ್ಯವೂ ಬಿಡಿಸಿಕೊಳ್ಳುತ್ತದೆ. ಮೇಲೆ ಹೇಳಿದ ಅಜ್ಜ ಮಾಡಿದ್ದೂ ಇಷ್ಟೇ. ‘ನಮ್ಮ ಹುಡುಗನಿಗೆ ಇಂಗ್ಲಿಷ್ ಹತ್ತೋದಿಲ್ಲ ಮೇಷ್ಟ್ರೇ, ನಾವು ಬಿಟ್ಟುಬಿಟ್ಟಿದೀವಿ’ ಎಂದು ಹುಡುಗನ ಎದುರಿಗೇ ಹೇಳುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಅದು ಆ ಎರಡು ಬಾಲದ ‘ಗಿವ್ ಅಪ್ ಆನ್’. ಹುಡುಗ ಪದವನ್ನು ಕಲಿಯುವ ಮೊದಲೇ ಅದರ ಅರ್ಥವನ್ನು ಕಲಿತುಬಿಡುತ್ತಾನೆ.

ತುಮರಿಯ ಹುಡುಗನ ಪ್ರಬಂಧದಲ್ಲಿ ಮುಂದಿನ ಭಾಗವೂ ಇತ್ತು. ನೀರು ನಿಂತ ಮೇಲೆ ಹಿನ್ನೀರಿನ ಆಚೆಯ ಊರುಗಳಿಗೆ ಸಾಗರವೇ ದೂರವಾಯಿತು. ಹೊಳೆಬಾಗಿಲಿನ ಲಾಂಚು ಬಂದರೆ ದಾರಿ, ಬಾರದಿದ್ದರೆ ಇಲ್ಲ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿ ಕಾಯಿಲೆಯವರನ್ನು ಹೊತ್ತು ಕಾಡುದಾರಿ ಸುತ್ತಬೇಕಿತ್ತು. ಬೇಸಿಗೆಯಲ್ಲಿ ಹಿನ್ನೀರು ತಗ್ಗಿದಾಗ ಮಡೆನೂರಿನ ಹಳೆಯ ಅಣೆಕಟ್ಟು ತಲೆಯೆತ್ತಿ ಕಾಣಿಸುತ್ತದೆ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ ಆ ಅಣೆಕಟ್ಟೂ ಇದೇ ನೀರಿಗೆ ಜಾಗ ಬಿಟ್ಟುಕೊಟ್ಟದ್ದು. ಸೇತುವೆ ಬೇಕೆಂದು ದ್ವೀಪದ ಜನ ದಶಕಗಳ ಕಾಲ ಕೇಳುತ್ತಲೇ ಬಂದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಲೆಕ್ಕ ಹಾಕಿದರೆ ನೀರು ನಿಂತು ಅರವತ್ತೊಂದು ವರ್ಷ.

ಹುಡುಗ ಈ ಭಾಗವನ್ನು ತಿದ್ದಿ ಬರೆದಾಗ ‘ಗಿವ್ ಅಪ್’ ಎರಡು ಸಲ ಬಂತು: ‘ದೇ ಗೇವ್ ಅಪ್ ದೇರ್ ಲ್ಯಾಂಡ್. ದೇ ಡಿಡ್ ನಾಟ್ ಗಿವ್ ಅಪ್.’ ಮೊದಲನೆಯದರ ಪಕ್ಕದಲ್ಲಿ ಜಮೀನು ಇದೆ, ಎರಡನೆಯದರ ಪಕ್ಕದಲ್ಲಿ ಏನೂ ಇಲ್ಲ. ಎರಡಕ್ಕೂ ಕನ್ನಡದಲ್ಲಿ ಯಾವ ಯಾವ ಪದ ಎಂಬುದು ಇಷ್ಟು ಓದಿದ ಮೇಲೆ ಯಾವ ವಿದ್ಯಾರ್ಥಿಗೂ ಕಷ್ಟವಲ್ಲ. ಮೇಷ್ಟ್ರು ಈ ಸಲ ಕೆಂಪು ಶಾಯಿ ಮುಟ್ಟಲಿಲ್ಲ.

ಅಭ್ಯಾಸಕ್ಕೆ ಕೆಲವು ವಾಕ್ಯಗಳು. ಮೊದಲು ಪೆನ್ನು ಹಿಡಿದು ಇಂಗ್ಲಿಷಿನಲ್ಲಿ ಬರೆದುಕೊಳ್ಳಿ, ಆಮೇಲೆ ಮುಂದೆ ಓದಿ. ಅಮ್ಮ ಕಾಫಿ ಕುಡಿಯುವುದನ್ನು ಬಿಟ್ಟಳು. ಸಿಗರೇಟು ಕೆಟ್ಟದ್ದು, ಅದನ್ನು ಬಿಟ್ಟುಬಿಡು. ತಂಗಿಯ ಹಟಕ್ಕೆ ಅಣ್ಣ ಮಣಿದ. ಅಕ್ಕ ತನ್ನ ಹಳೆಯ ಪುಸ್ತಕಗಳನ್ನು ಪುಕ್ಕಟೆ ಕೊಟ್ಟುಬಿಟ್ಟಳು. ಮೇಷ್ಟ್ರು ಅವನನ್ನು ಕೈಬಿಡಲಿಲ್ಲ. ತೀರ್ಥಹಳ್ಳಿಯ ಬಸ್ಸು ಬಿಟ್ಟಿತು.

ಉತ್ತರಗಳು ಇದೇ ಕ್ರಮದಲ್ಲಿ: 'ಮದರ್ ಗೇವ್ ಅಪ್ ಡ್ರಿಂಕಿಂಗ್ ಕಾಫಿ.’ ‘ಸ್ಮೋಕಿಂಗ್ ಈಸ್ ಬ್ಯಾಡ್, ಗಿವ್ ಇಟ್ ಅಪ್.’ ‘ದ ಬ್ರದರ್ ಗೇವ್ ಇನ್ ಟು ಹಿಸ್ ಸಿಸ್ಟರ್.’ ‘ಶಿ ಗೇವ್ ಅವೇ ಹರ್ ಓಲ್ಡ್ ಬುಕ್ಸ್.’ ‘ದ ಟೀಚರ್ ಡಿಡ್ ನಾಟ್ ಗಿವ್ ಅಪ್ ಆನ್ ಹಿಮ್.’ ಕೊನೆಯದಕ್ಕೆ ‘ಗಿವ್ ಅಪ್’ ಬರೆದವರು ಮುಂದಿನ ಬಸ್ಸಿಗೆ ಕಾಯಬೇಕು.